ನೋಡುವ ಚಿಪ್ಪೇ ನೆನಪಿಟ್ಟುಕೊಂಡರೆ

ಮನೆಯ ಗೇಟಿನ ಮೇಲೆ ಕೂರಿಸಿದ ಒಂದು ಸಾಧಾರಣ ಫುಲ್ ಎಚ್‌ಡಿ ಸಿಸಿಟಿವಿ ಕ್ಯಾಮೆರಾದ ಲೆಕ್ಕ ಹಾಕಿ ನೋಡಿ. ಅದರ ಸಂವೇದಕದಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಪಿಕ್ಸೆಲ್‌ಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಸೆಕೆಂಡಿಗೆ 25 ಚಿತ್ರದಂತೆ ತೆಗೆದರೂ ಪ್ರತಿ ಸೆಕೆಂಡಿಗೆ ಐದು ಕೋಟಿ ಮೀರಿ ಅಂಕಿಗಳು ಅದರೊಳಗಿಂದ ಹೊರಬೀಳುತ್ತವೆ. ರಾತ್ರಿ ಎರಡು ಗಂಟೆಗೆ ಗೇಟಿನ ಮುಂದೆ ಬೀದಿನಾಯಿಯೂ ಸುಳಿಯದೆ ಇರುವಾಗಲೂ ಅಷ್ಟೇ ಅಂಕಿಗಳು. ಬೆಳಕು ಮೊದಲು ಕರೆಂಟಾಗಬೇಕು, ಕರೆಂಟು ಅಂಕಿಯಾಗಬೇಕು, ಅಂಕಿ ಮೆಮರಿಗೆ ಹೋಗಿ ಕೂರಬೇಕು, ಅಲ್ಲಿಂದ ಪ್ರೊಸೆಸರ್‌ಗೆ ಬರಬೇಕು, ಹಿಂದಿನ ಚಿತ್ರದ ಜೊತೆ ಹೋಲಿಕೆಯಾಗಬೇಕು. ಇಷ್ಟೆಲ್ಲ ಆದಮೇಲೆ ಸಿಗುವ ಉತ್ತರ: ಏನೂ ಬದಲಾಗಿಲ್ಲ.

ನಮ್ಮ ಕಣ್ಣು ಇಷ್ಟು ದಂಡಕ್ಕೆ ದುಡಿಯುವುದಿಲ್ಲ. ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಹನ್ನೆರಡು ಕೋಟಿಗೂ ಮೇಲಿವೆ. ಆದರೆ ಅಲ್ಲಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿರುವ ಎಳೆಗಳು ಹತ್ತು ಲಕ್ಷದ ಆಸುಪಾಸು. ಅಂದರೆ ನೂರು ಕೋಶ ಕಂಡದ್ದನ್ನು ಹೆಚ್ಚುಕಡಿಮೆ ಒಂದು ಎಳೆ ಸಾಗಿಸಬೇಕು. ಹಾಗಾಗಿ ಆಯ್ಕೆ, ಸೋಸುವಿಕೆ, ಅಂಚು ಗುರುತಿಸುವುದು, ಚಲನೆ ಹಿಡಿಯುವುದು ಇವೆಲ್ಲ ರೆಟಿನಾದಲ್ಲೇ ಶುರುವಾಗಿಬಿಡುತ್ತವೆ. ಚರ್ಮವೂ ಹೀಗೇ. ಬೆಳಗ್ಗೆ ಕಟ್ಟಿಕೊಂಡ ಗಡಿಯಾರದ ಪಟ್ಟಿ ಸ್ವಲ್ಪ ಹೊತ್ತಿಗೆಲ್ಲ ಗಮನದಿಂದ ಜಾರಿಹೋಗುತ್ತದೆ. ಅದರ ಮೇಲೆ ಇರುವೆ ಹತ್ತಿದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ. ಸುಮಾರು 8,600 ಕೋಟಿ ನರಕೋಶಗಳ ಮಿದುಳು ಇಪ್ಪತ್ತು ವ್ಯಾಟ್ ಆಸುಪಾಸಿನ ಶಕ್ತಿಯಲ್ಲಿ ದಿನ ದೂಡುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು: ಬೇಡದ್ದು ಅದರವರೆಗೆ ಬರುವುದೇ ಇಲ್ಲ.

ಈ ಉಪಾಯವನ್ನು ಯಂತ್ರಕ್ಕೆ ಕಲಿಸಬೇಕಾದರೆ ಸಂವೇದಕ, ಮೆಮರಿ, ಲೆಕ್ಕ ಮಾಡುವ ಭಾಗ ಈ ಮೂರೂ ಒಂದೇ ಬಿಡಿಭಾಗದಲ್ಲಿ ಇರಬೇಕು. ಕಳೆದ ಒಂದು ದಶಕದಿಂದ ಜಗತ್ತಿನ ಹತ್ತಾರು ಪ್ರಯೋಗಾಲಯಗಳು ಇದರ ಬೆನ್ನು ಬಿದ್ದಿವೆ. ಬೆಂಗಳೂರಿನಲ್ಲೂ ಈ ಕೆಲಸ ನಡೆಯುತ್ತಿದೆ.

ಸಾಗಾಟದ ಖರ್ಚು

ಇಂದಿನ ಬಹುತೇಕ ಕಂಪ್ಯೂಟರುಗಳ ಮೂಲ ನಕ್ಷೆ 1945ರದು. ಜಾನ್ ವಾನ್ ನಾಯ್ಮನ್ ಆ ವರ್ಷ ಬರೆದ ವರದಿಯಲ್ಲಿ ಲೆಕ್ಕ ಮಾಡುವ ಘಟಕ ಒಂದು ಕಡೆ, ಮೆಮರಿ ಇನ್ನೊಂದು ಕಡೆ. ನಡುವೆ ತಂತಿ. ಆ ತಂತಿಯೇ ಇಕ್ಕಟ್ಟಿನ ಜಾಗವಾಗುತ್ತದೆ ಎಂದು 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸ ಕೊಡುತ್ತಾ ಜಾನ್ ಬ್ಯಾಕಸ್ ಎಚ್ಚರಿಸಿದ್ದರು.

ಇಕ್ಕಟ್ಟು ಎಷ್ಟು ದುಬಾರಿ ಎಂಬುದಕ್ಕೆ ಅಂಕಿ ಬೇಕಿದ್ದರೆ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಮಂಡಿಸಿದ ಲೆಕ್ಕವಿದೆ. 45 ನ್ಯಾನೋಮೀಟರ್ ಪೀಳಿಗೆಯ ಚಿಪ್‌ನಲ್ಲಿ 32 ಬಿಟ್‌ನ ಎರಡು ಪೂರ್ಣಾಂಕಗಳನ್ನು ಕೂಡಲು ಬೇಕಾಗುವ ಶಕ್ತಿ 0.1 ಪಿಕೊಜೂಲ್. ಅದೇ ಅಳತೆಯ ಒಂದು ಅಂಕಿಯನ್ನು ಹೊರಗಿನ ಡಿ-ರ್‍ಯಾಮ್ ಮೆಮರಿಯಿಂದ ಹೊತ್ತು ತರಲು 640 ಪಿಕೊಜೂಲ್. ಕೆಲಸಕ್ಕಿಂತ ಸಾಗಾಟಕ್ಕೆ ಆರು ಸಾವಿರ ಪಟ್ಟು ಹೆಚ್ಚು ಖರ್ಚು! ಚಿಪ್‌ಗಳು ಆಮೇಲೆ ಸುಧಾರಿಸಿವೆ, ಅಂಕಿಗಳು ಇಳಿದಿವೆ. ಕೂಡುವುದು ಅಗ್ಗ, ತರುವುದು ದುಬಾರಿ ಎಂಬ ಸ್ಥಿತಿ ಮಾತ್ರ ಬದಲಾಗಿಲ್ಲ. ಕೃತಕ ಬುದ್ಧಿಮತ್ತೆಯ ಲೆಕ್ಕಗಳಲ್ಲಿ ಲಕ್ಷಾಂತರ ಅಂಕಿಗಳನ್ನು ಮತ್ತೆ ಮತ್ತೆ ತಂದು ಗುಣಿಸಿ ಕೂಡುವುದೇ ಮುಖ್ಯ ಕೆಲಸ ಆಗಿರುವುದರಿಂದ ಅಲ್ಲಿ ಈ ನೋವು ಇನ್ನೂ ಜಾಸ್ತಿ.

ಮೊದಲ ಪ್ರಯತ್ನ ಕಣ್ಣಿನಿಂದಲೇ

1980ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಕಾರ್ವರ್ ಮೀಡ್ ನರಮಂಡಲದ ಮಾದರಿಯಲ್ಲಿ ಚಿಪ್ ಕಟ್ಟುವ ವಿದ್ಯೆಗೆ ‘ನ್ಯೂರೊಮಾರ್ಫಿಕ್’ ಎಂದು ಹೆಸರಿಟ್ಟರು. ಅವರ ವಿದ್ಯಾರ್ಥಿನಿ ಮಿಶಾ ಮಹೋವಾಲ್ಡ್ ಅವರ ಜೊತೆ ಸೇರಿ ‘ಸಿಲಿಕಾನ್ ರೆಟಿನಾ’ ಮಾಡಿದರು. ಅದರ ಪ್ರತಿ ಪಿಕ್ಸೆಲ್ಲೂ ತನ್ನ ಮೇಲೆ ಬಿದ್ದ ಬೆಳಕನ್ನು ಅಕ್ಕಪಕ್ಕದವುಗಳ ಸರಾಸರಿಯ ಜೊತೆ ಅಲ್ಲೇ ಹೋಲಿಸಿ ವ್ಯತ್ಯಾಸವನ್ನಷ್ಟೇ ಹೊರಗೆ ಕೊಡುತ್ತಿತ್ತು. ಒಂದೇ ಸಮನಾದ ಬಿಳಿಗೋಡೆ ತೋರಿಸಿದರೆ ಹೊರಗೆ ಬರುವುದು ಅತ್ಯಲ್ಪ. ಗೋಡೆಯ ಅಂಚು ಬಂದರೆ ಸಿಗ್ನಲ್ ಎದ್ದು ಕಾಣುತ್ತದೆ.

ಆ ಧಾರೆಯಲ್ಲಿ ಮುಂದೆ ಬಂದು ಗೆದ್ದದ್ದು ಈವೆಂಟ್ ಕ್ಯಾಮೆರಾ. ಜ್ಯೂರಿಕ್‌ನಲ್ಲಿ ಪ್ಯಾಟ್ರಿಕ್ ಲಿಕ್ಟ್‌ಸ್ಟೈನರ್, ಕ್ರಿಸ್ಟೋಫ್ ಪಾಶ್, ಟೋಬಿ ಡೆಲ್‌ಬ್ರುಕ್ 2008ರಲ್ಲಿ ಪ್ರಕಟಿಸಿದ ಸಂವೇದಕದಲ್ಲಿ ಇದ್ದದ್ದು 128 x 128 ಪಿಕ್ಸೆಲ್ ಮಾತ್ರ. ಪ್ರತಿ ಪಿಕ್ಸೆಲ್ ಒಳಗೂ ಒಂದು ಪುಟ್ಟ ಕೆಪಾಸಿಟರ್. ತಾನು ಕೊನೆಯ ಸಲ ವರದಿ ಮಾಡಿದಾಗ ಬೆಳಕು ಎಷ್ಟಿತ್ತು ಎಂಬುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಈಗಿನ ಬೆಳಕು ಅದಕ್ಕಿಂತ ಇಂತಿಷ್ಟು ಪಾಲು ಏರಿದರೆ ಅಥವಾ ಇಳಿದರೆ ಮಾತ್ರ ಆ ಪಿಕ್ಸೆಲ್ ಬಾಯಿ ಬಿಡುತ್ತದೆ: ನಾನು ಇಂಥ ಜಾಗದವನು, ಇಷ್ಟು ಹೊತ್ತಿಗೆ, ಬೆಳಕು ಹೆಚ್ಚಾಯಿತು, ಅಥವಾ ಕಡಿಮೆಯಾಯಿತು. ಉಳಿದವು ಸುಮ್ಮನಿರುತ್ತವೆ. ಪ್ರತಿಕ್ರಿಯೆ ಬರಲು ತಗಲುವ ಸಮಯ ಮೈಕ್ರೊಸೆಕೆಂಡುಗಳ ಲೆಕ್ಕದ್ದು. ಒಂದೇ ದೃಶ್ಯದಲ್ಲಿ ಸುಡುಬಿಸಿಲು, ಕಡುನೆರಳು ಎರಡೂ ಇದ್ದರೂ ಅದಕ್ಕೆ ತೊಂದರೆಯಿಲ್ಲ.

ಗಮನಿಸಿ, ಆ ಕೆಪಾಸಿಟರ್ ಒಂದು ಮೆಮರಿಯೇ. ಒಂದೇ ಒಂದು ಅಂಕಿಯ ಮೆಮರಿ, ಅದೂ ಪಿಕ್ಸೆಲ್ ಒಳಗೆ. ಅಷ್ಟರಿಂದಲೇ ಗೇಟಿನ ಕ್ಯಾಮೆರಾದ ಐದು ಕೋಟಿ ಅಂಕಿಗಳ ಬಹುಪಾಲು ಹುಟ್ಟುವ ಮೊದಲೇ ನಿಂತುಹೋಗುತ್ತದೆ. ಸೋನಿ ಮತ್ತು ಫ್ರಾನ್ಸಿನ ಪ್ರೊಫೆಸಿ ಕಂಪನಿಗಳು ಸೇರಿ 2021ರಲ್ಲಿ ಹೊರತಂದ ಈವೆಂಟ್ ಸಂವೇದಕದಲ್ಲಿ 1280 x 720 ಪಿಕ್ಸೆಲ್‌ಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ನಾಯರ್ ಮತ್ತು ಚೇತನ್ ಸಿಂಗ್ ಠಾಕೂರ್ ಅವರ ತಂಡಗಳು ಇಂಥ ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ, ಮಷಿನ್ ಲರ್ನಿಂಗ್ ನೆರವಿನಿಂದ 50 ನ್ಯಾನೋಮೀಟರ್‌ಗಿಂತ ಚಿಕ್ಕ ವಸ್ತುಗಳ ಜಾಗ ಗುರುತಿಸಿದ್ದನ್ನು 2023ರಲ್ಲಿ ಪ್ರಕಟಿಸಿದವು.

ಆದರೆ ಈ ಕೆಪಾಸಿಟರ್‌ಗೆ ಕಲಿಯುವುದು ಗೊತ್ತಿಲ್ಲ. ಪದೇ ಪದೇ ಕಂಡದ್ದಕ್ಕೂ ಒಮ್ಮೆ ಕಂಡದ್ದಕ್ಕೂ ಅದು ವ್ಯತ್ಯಾಸ ಮಾಡದು. ನರಕೋಶಗಳ ನಡುವಿನ ಸಂಧಿ, ಅಂದರೆ ಸಿನಾಪ್ಸ್, ಮಾಡುವ ಕೆಲಸವೇ ಅದು. ಬಳಸಿದಷ್ಟೂ ಅದು ಗಟ್ಟಿಯಾಗುತ್ತದೆ, ಬಳಸದಿದ್ದರೆ ಸೊರಗುತ್ತದೆ. ಅದಕ್ಕೆ ಬೇರೆ ಥರದ ಸಾಮಾನು ಬೇಕು.

ನಡೆದ ಕರೆಂಟನ್ನು ನೆನಪಿಡುವ ರೆಸಿಸ್ಟರ್

ರೆಸಿಸ್ಟರ್, ಕೆಪಾಸಿಟರ್, ಇಂಡಕ್ಟರ್ ಇವು ಮೂರು ಪಿಯುಸಿ ಓದಿದವರಿಗೆಲ್ಲ ಪರಿಚಿತ. 1971ರಲ್ಲಿ ಬರ್ಕ್ಲಿಯ ಲಿಯಾನ್ ಚುವಾ ಗಣಿತದ ಸಮ್ಮಿತಿಯನ್ನು ನೋಡಿ ನಾಲ್ಕನೆಯದೂ ಒಂದು ಇರಬೇಕು ಎಂದರು. ಅದೇ ಮೆಮ್ರಿಸ್ಟರ್. ತನ್ನ ಮೂಲಕ ಹಿಂದೆ ಎಷ್ಟು ಕರೆಂಟು, ಯಾವ ದಿಕ್ಕಿಗೆ ಹರಿದಿದೆ ಎಂಬುದರ ಮೇಲೆ ಅದರ ಇಂದಿನ ರೋಧ ನಿಂತಿರುತ್ತದೆ. ಹೀಗೊಂದು ವಸ್ತು ಕೈಗೆ ಸಿಕ್ಕಿದೆ ಎಂದು ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದ ಸ್ಟ್ಯಾನ್ಲಿ ವಿಲಿಯಮ್ಸ್ ತಂಡ ಘೋಷಿಸಿದ್ದು 2008ರಲ್ಲಿ. ಅದು ನಿಜಕ್ಕೂ ಚುವಾ ಹೇಳಿದ ಮೆಮ್ರಿಸ್ಟರ್ ಹೌದೋ ಅಲ್ಲವೋ ಎಂಬ ಜಗಳ ಈಗಲೂ ಪೂರ್ತಿ ಮುಗಿದಿಲ್ಲ. ಕೆಲಸ ಮಾಡುವವರು ಆ ಜಗಳವನ್ನು ಪಕ್ಕಕ್ಕಿಟ್ಟು ಮುಂದೆ ಹೋಗಿದ್ದಾರೆ.

ವಿಲಿಯಮ್ಸ್ ತಂಡದ ಸಾಧನದಲ್ಲಿ ಎರಡು ಪ್ಲಾಟಿನಂ ತಂತಿಗಳ ನಡುವೆ ಟೈಟಾನಿಯಂ ಡೈಆಕ್ಸೈಡ್‌ನ ತೆಳುಪದರ ಇತ್ತು. ಬಿಳಿ ಪೇಂಟಿನಲ್ಲಿ, ಟೂತ್‌ಪೇಸ್ಟಿನಲ್ಲಿ ಇರುವ ಅದೇ ಪುಡಿ. ಪದರದ ಒಂದು ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಇರಬೇಕಾದ ಕಡೆ ಒಂದಷ್ಟು ಖಾಲಿ ಜಾಗಗಳು. ಖಾಲಿ ಜಾಗ ಹೆಚ್ಚಿದ್ದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ವೋಲ್ಟೇಜ್ ಕೊಟ್ಟರೆ ಈ ಖಾಲಿ ಜಾಗಗಳೇ ಮೆಲ್ಲಗೆ ಒಂದು ಕಡೆಗೆ ಸರಿಯುತ್ತವೆ, ತಿರುಗಿಸಿ ಕೊಟ್ಟರೆ ವಾಪಸು ಬರುತ್ತವೆ. ವಿದ್ಯುತ್ ತೆಗೆದರೆ ಇದ್ದಲ್ಲೇ ನಿಲ್ಲುತ್ತವೆ. ಅದೇ ಅದರ ನೆನಪು.

ಇದರಿಂದ ಲೆಕ್ಕ ಮಾಡುವುದು ಹೇಗೆ? ಮೇಲೆ ಅಡ್ಡ ತಂತಿಗಳು, ಕೆಳಗೆ ಉದ್ದ ತಂತಿಗಳು, ಕೂಡುವಲ್ಲೆಲ್ಲ ಒಂದೊಂದು ಮೆಮ್ರಿಸ್ಟರ್ ಇಟ್ಟ ಜಾಲರಿ ಇದೆಯೆನ್ನಿ. ಮೊದಲ ಅಡ್ಡ ತಂತಿಗೆ 2 ಘಟಕ, ಎರಡನೆಯದಕ್ಕೆ 3 ಘಟಕ ವೋಲ್ಟೇಜ್ ಕೊಡೋಣ. ಅವು ಒಂದು ಉದ್ದ ತಂತಿಯನ್ನು ಕೂಡುವಲ್ಲಿರುವ ಮೆಮ್ರಿಸ್ಟರ್‌ಗಳ ವಾಹಕತೆ 5 ಮತ್ತು 4 ಇರಲಿ. ಓಮ್‌ನ ನಿಯಮದಂತೆ ಮೊದಲನೆಯದರಿಂದ 10, ಎರಡನೆಯದರಿಂದ 12 ಘಟಕ ಕರೆಂಟು ಇಳಿಯುತ್ತದೆ. ಕಿರ್ಚಾಫ್‌ನ ನಿಯಮದಂತೆ ಉದ್ದ ತಂತಿಯಲ್ಲಿ ಎರಡೂ ಸೇರಿ 22. ಗುಣಾಕಾರವೂ ಆಯಿತು, ಸಂಕಲನವೂ ಆಯಿತು. ಯಾವ ಅಂಕಿಯನ್ನೂ ಎಲ್ಲಿಂದಲೂ ತರಲಿಲ್ಲ. ಕೃತಕ ನರಜಾಲಗಳ ಹೆಚ್ಚಿನ ಲೆಕ್ಕ ಈ ಜಾತಿಯದೇ. ಸಾವಿರಾರು ಗುಣಾಕಾರ ಹೀಗೆ ಒಂದೇ ಏಟಿಗೆ ಮುಗಿಯುತ್ತವೆ.

ಮೆಮ್ರಿಸ್ಟರ್ 5 ಅನ್ನು 5 ಆಗಿಯೇ ಹಿಡಿದಿಡಬಲ್ಲದೇ ಎಂಬುದು ಮಾತ್ರ ದೊಡ್ಡ ಪ್ರಶ್ನೆ. ಬಹಳಷ್ಟು ಮೆಮ್ರಿಸ್ಟರ್‌ಗಳಲ್ಲಿ ನೆಚ್ಚಿಕೊಳ್ಳಬಹುದಾದ ಮಟ್ಟಗಳು ಕೆಲವೇ. ಇಲ್ಲಿ ಬೆಂಗಳೂರಿನ ಹೆಸರು ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಶ್ರೀತೋಷ್ ಗೋಸ್ವಾಮಿ ಮತ್ತು ಸಂಗಡಿಗರು ರುಥೇನಿಯಂ ಇರುವ ಒಂದು ಸಾವಯವ ಅಣುವಿನ ಪದರದಲ್ಲಿ 16,500 ವಾಹಕತಾ ಮಟ್ಟಗಳನ್ನು ಬೇರೆ ಬೇರೆಯಾಗಿ ಬರೆದು ಓದಬಹುದೆಂದು 2024ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಿಂದ ‘ಸೃಷ್ಟಿಯ ಕಂಬಗಳು’ ಎಂಬ ಪ್ರಸಿದ್ಧ ನೀಹಾರಿಕೆಯ ಚಿತ್ರವನ್ನು ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರ್ ಜೊತೆಗಿಟ್ಟುಕೊಂಡೇ ಬಿಡಿಸಿ ತೋರಿಸಿದರು. 2008ರ ಮೆಮ್ರಿಸ್ಟರ್‌ನ ಸ್ಟ್ಯಾನ್ಲಿ ವಿಲಿಯಮ್ಸ್ ಈ ಪ್ರಬಂಧದ ಲೇಖಕರಲ್ಲೊಬ್ಬರು. ಆದರೆ ಇದು ಮೆಮರಿ ಮತ್ತು ಲೆಕ್ಕ ಎರಡರ ಕೂಡಿಕೆ. ಕಣ್ಣು ಇನ್ನೂ ಹೊರಗೇ ಇದೆ.

ಬೆಳಕು ಹೋದರೂ ಆರದ ಕರೆಂಟು

ಕಣ್ಣನ್ನೂ ಒಳಗೆ ತರಲು ಸಹಾಯಕ್ಕೆ ಬಂದದ್ದು ಒಂದು ಹಳೆಯ ದೋಷ. ಸತುವಿನ ಆಕ್ಸೈಡ್, ಇಂಡಿಯಂ ಆಕ್ಸೈಡ್‌ನಂಥ ಅರೆವಾಹಕಗಳ ಮೇಲೆ ಅತಿನೇರಳೆ ಬೆಳಕು ಬಿಟ್ಟರೆ ಕರೆಂಟು ಏರುತ್ತದೆ. ಇದು ಸಹಜ. ಬೆಳಕು ಆರಿಸಿದ ಕ್ಷಣಕ್ಕೆ ಇಳಿಯಬೇಕಿತ್ತು. ಇಳಿಯುವುದಿಲ್ಲ. ಸೆಕೆಂಡುಗಟ್ಟಲೆ, ಒಮ್ಮೊಮ್ಮೆ ಗಂಟೆಗಟ್ಟಲೆ ಎಳೆದಾಡಿಕೊಂಡು ಇಳಿಯುತ್ತದೆ. ಬೆಳಕಿನ ಸಂವೇದಕ ಮಾಡುವವರಿಗೂ, ಟಿವಿ-ಮೊಬೈಲ್ ಪರದೆಗೆ ಆಕ್ಸೈಡ್ ಟ್ರಾನ್ಸಿಸ್ಟರ್ ಮಾಡುವವರಿಗೂ ಇದು ದೊಡ್ಡ ತಲೆನೋವು.

ಕಾರಣ ಮತ್ತೆ ಆಮ್ಲಜನಕದ ಖಾಲಿ ಜಾಗಗಳೇ. ಅಲ್ಲಿ ಸಿಕ್ಕಿಕೊಂಡಿರುವ ಎಲೆಕ್ಟ್ರಾನುಗಳನ್ನು ಬೆಳಕು ಹೊರಗೆ ತಳ್ಳುತ್ತದೆ. ಎಲೆಕ್ಟ್ರಾನ್ ಹೋದ ಕೂಡಲೇ ಸುತ್ತಲಿನ ಪರಮಾಣುಗಳು ಸ್ವಲ್ಪ ಸರಿದು ಕೂರುತ್ತವೆ. ಈಗ ಅದು ವಾಪಸು ಬರಬೇಕಾದರೆ ಒಂದು ಅಡ್ಡಿಯನ್ನು ದಾಟಬೇಕು, ದಾಟಲು ಶಾಖದ ತಳ್ಳುವಿಕೆ ಬೇಕು. ಆ ತನಕ ಅದು ಓಡಾಡಿಕೊಂಡೇ ಇರುತ್ತದೆ, ಕರೆಂಟು ಹರಿಯುತ್ತಲೇ ಇರುತ್ತದೆ.

ಬೆಳಕನ್ನು ಮಿಡಿತ ಮಿಡಿತವಾಗಿ ಕೊಟ್ಟರೆ ಸ್ವಾರಸ್ಯ ಶುರು. ಬೇಸಿಗೆಯಲ್ಲಿ ಮಣ್ಣಿನ ಅಂಗಳಕ್ಕೆ ನೀರು ಚಿಮುಕಿಸಿದವರಿಗೆ ಇದು ಗೊತ್ತು: ಒಮ್ಮೆ ಎರಚಿ ಬಿಟ್ಟರೆ ಕಣ್ಣೆದುರಿಗೇ ಒಣಗುತ್ತದೆ, ಆರುವ ಮೊದಲೇ ಮತ್ತೆ ಮತ್ತೆ ಎರಚಿದರೆ ತೇವ ಆಳಕ್ಕಿಳಿದು ಸಂಜೆಯವರೆಗೂ ನಿಲ್ಲುತ್ತದೆ. ಈ ಆಕ್ಸೈಡ್‌ಗಳಲ್ಲೂ ಒಂದು ಬೆಳಕಿನ ಮಿಡಿತ ಬಿಟ್ಟ ಗುರುತು ಅಳಿಯುವ ಮೊದಲೇ ಇನ್ನೊಂದು ಬಂದರೆ ಎರಡನೆಯದರ ಕರೆಂಟು ಮೊದಲನೆಯದಕ್ಕಿಂತ ಎತ್ತರಕ್ಕೆ ಹೋಗುತ್ತದೆ. ಹತ್ತಾರು ಮಿಡಿತ ಬಿದ್ದರೆ ಇಳಿಯುವ ವೇಗವೇ ತಗ್ಗುತ್ತದೆ. ಜೀವಿಗಳ ಸಿನಾಪ್ಸ್‌ನಲ್ಲಿ ಅಲ್ಪಾವಧಿ ನೆನಪು ದೀರ್ಘಾವಧಿ ನೆನಪಾಗುವಾಗ ಅಳೆಯುವ ನಕ್ಷೆಗಳೂ ಹೀಗೇ ಇರುತ್ತವೆ. ದೋಷ ಎಂದು ಬೈಸಿಕೊಂಡದ್ದು ಗುಣವಾಯಿತು.

ಇದರಿಂದ ಏನು ಲಾಭ? ಇಂಥ ಪಿಕ್ಸೆಲ್‌ಗಳ ಸಾಲಿನ ಮುಂದೆ ಒಂದು ಅಕ್ಷರವನ್ನು ಹಲವು ಸಲ ತೋರಿಸಿ. ಪ್ರತಿ ಸಲವೂ ಅಲ್ಲಲ್ಲಿ ಬೇಡದ ಚುಕ್ಕೆಗಳು ಬಿದ್ದಿರಲಿ. ಅಕ್ಷರ ಪ್ರತಿ ಬಾರಿಯೂ ಅದೇ ಜಾಗದಲ್ಲಿ ಬೀಳುವುದರಿಂದ ಗುರುತು ಗಟ್ಟಿಯಾಗುತ್ತದೆ. ಚುಕ್ಕೆಗಳು ಜಾಗ ಬದಲಿಸುವುದರಿಂದ ಮಾಸಿಹೋಗುತ್ತವೆ. ಚಿತ್ರ ತಾನಾಗಿ ಶುದ್ಧವಾಯಿತು, ಯಾವ ಸಾಫ್ಟ್‌ವೇರ್ ಕೂಡ ಮುಟ್ಟಿಲ್ಲ. ಹಾಂಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಯಾಂಗ್ ಚಾಯ್ ತಂಡ 2019ರಲ್ಲಿ ಮಾಲಿಬ್ಡಿನಮ್ ಆಕ್ಸೈಡ್‌ನ 8 x 8 ಸಾಲಿನಲ್ಲಿ ತೋರಿಸಿದ್ದು ಇಂಥ ಕೆಲಸವನ್ನೇ. ಮೇಲೆ-ಕೆಳಗೆ ಎರಡು ವಿದ್ಯುದ್ವಾರ, ನಡುವೆ ಆಕ್ಸೈಡ್, ಅಷ್ಟೇ ರಚನೆ. ಅತಿನೇರಳೆ ಬೆಳಕು ಬರೆಯುತ್ತದೆ, ವೋಲ್ಟೇಜ್ ಅಳಿಸುತ್ತದೆ. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದ ಸುಮೀತ್ ವಾಲಿಯಾ ತಂಡ 2023ರಲ್ಲಿ ಕೇವಲ 3 ನ್ಯಾನೋಮೀಟರ್ ದಪ್ಪದ ಇಂಡಿಯಂ ಆಕ್ಸೈಡ್ ಹಾಳೆಯಲ್ಲಿ ಬೆಳಕು ಹಿಡಿಯುವುದು, ನೆನಪಿಡುವುದು, ಸಂಸ್ಕರಿಸುವುದು ಮೂರನ್ನೂ ಮಾಡಿತು.

ಚಲನೆಯ ವಿಷಯದಲ್ಲಿ ಇದು ಇನ್ನೂ ಚೆನ್ನ. ರಸ್ತೆಯಲ್ಲಿ ಎಡದಿಂದ ಬಲಕ್ಕೆ ಹೋದ ಸೈಕಲ್ಲು ತಾನಿದ್ದ ಜಾಗಗಳಲ್ಲೆಲ್ಲ ಗುರುತು ಬಿಟ್ಟುಹೋಗುತ್ತದೆ. ಹಳೆಯ ಗುರುತು ಹೆಚ್ಚು ಮಾಸಿರುತ್ತದೆ, ಹೊಸದು ಗಾಢವಾಗಿರುತ್ತದೆ. ಕೊನೆಯಲ್ಲಿ ಒಂದೇ ಒಂದು ಸಲ ಓದಿದರೂ ಸೈಕಲ್ಲು ಎಲ್ಲಿತ್ತು, ಯಾವ ಕಡೆ ಹೋಯಿತು ಎಂಬುದು ತಿಳಿಯುತ್ತದೆ. ಇದೇ ತತ್ವವನ್ನು ಬೆಳಕಿನ ಬದಲು ವೋಲ್ಟೇಜ್ ಮಿಡಿತಗಳಿಂದ ಮಾಡಿದವರು ಮಿಷಿಗನ್ ವಿಶ್ವವಿದ್ಯಾಲಯದ ವೆಯ್ ಲು ತಂಡದವರು. ಮೂರು ಮಿಡಿತದ ಅವಕಾಶದಲ್ಲಿ ‘ಇದೆ-ಇಲ್ಲ-ಇದೆ’ ಎಂದು ಬಂದರೆ ಉಳಿಯುವ ಮಟ್ಟ ಬೇರೆ, ‘ಇದೆ-ಇದೆ-ಇಲ್ಲ’ ಎಂದು ಬಂದರೆ ಬೇರೆ. ಮಿಡಿತಗಳ ಎಣಿಕೆ ಎರಡರಲ್ಲೂ ಒಂದೇ, ಕ್ರಮ ಮಾತ್ರ ಬೇರೆ. 2017ರಲ್ಲಿ ಅವರು ಹೀಗೆ ಬರೀ 88 ಮೆಮ್ರಿಸ್ಟರ್‌ಗಳಿಂದ ಕೈಬರಹದ ಅಂಕಿಗಳನ್ನು ಗುರುತಿಸಿದರು. ಇಲ್ಲಿ ಕೆಲಸ ಮಾಡಿದ್ದು ನೆನಪಿಗಿಂತ ಹೆಚ್ಚಾಗಿ ಮರೆವು. ಎಲ್ಲವನ್ನೂ ಶಾಶ್ವತವಾಗಿ ಹಿಡಿದಿಟ್ಟರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಬರುವುದಿಲ್ಲ. ಈ ಕ್ಷೇತ್ರದ ಸಾಧನಗಳನ್ನು ತೂಗುವಾಗ ನಾನು ಮೊದಲು ನೋಡುವುದು ಎಷ್ಟು ಹೊತ್ತು ನೆನಪಿಡುತ್ತದೆ ಎಂಬುದನ್ನಲ್ಲ, ಕೆಲಸಕ್ಕೆ ತಕ್ಕ ವೇಗದಲ್ಲಿ ಮರೆಯುತ್ತದೆಯೇ ಎಂಬುದನ್ನು.

ನೋಡುತ್ತಲೇ ಲೆಕ್ಕ

ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಲೂಕಾಸ್ ಮೆನ್ನೆಲ್ ಮತ್ತು ಥಾಮಸ್ ಮ್ಯೂಲರ್ ತಂಡ 2020ರ ಮಾರ್ಚ್‌ನಲ್ಲಿ ಪ್ರಕಟಿಸಿದ ಚಿಪ್ ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು. ಗಾತ್ರದಲ್ಲಿ ಅದು ಏನೇನೂ ಅಲ್ಲ: 3 x 3, ಒಂಬತ್ತೇ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ನಲ್ಲಿ ಮೂರು ಉಪಪಿಕ್ಸೆಲ್, ಹಾಗಾಗಿ ಬೆಳಕು ಹಿಡಿಯುವ ಡಯೋಡುಗಳು ಒಟ್ಟು 27.

ಡಯೋಡ್ ಮಾಡಿರುವುದು ಟಂಗ್‌ಸ್ಟನ್ ಡೈಸೆಲೆನೈಡ್‌ನ ಅತಿ ತೆಳುವಾದ ಹಾಳೆಯಿಂದ. ಹಾಳೆಯ ಅಡಿ ಪಕ್ಕಪಕ್ಕದಲ್ಲಿ ‘ಗೇಟು’ ಎಂಬ ಎರಡು ವಿದ್ಯುದ್ವಾರಗಳು. ಒಂದಕ್ಕೆ ಧನ, ಇನ್ನೊಂದಕ್ಕೆ ಋಣ ವೋಲ್ಟೇಜ್ ಕೊಟ್ಟರೆ ಹಾಳೆಯ ಅರ್ಧ ಒಂದು ಬಗೆಯ, ಉಳಿದರ್ಧ ಇನ್ನೊಂದು ಬಗೆಯ ಅರೆವಾಹಕವಾಗಿ ನಡುವೆ ಡಯೋಡ್ ಹುಟ್ಟುತ್ತದೆ. ವೋಲ್ಟೇಜುಗಳನ್ನು ಅದಲುಬದಲು ಮಾಡಿದರೆ ಡಯೋಡ್ ತಿರುಗಿ ನಿಲ್ಲುತ್ತದೆ. ಅಂದರೆ ಅದೇ ಬೆಳಕಿಗೆ ಎಷ್ಟು ಕರೆಂಟು ಬರಬೇಕು, ಯಾವ ದಿಕ್ಕಿಗೆ ಬರಬೇಕು ಎಂಬುದನ್ನು ಗೇಟಿನಿಂದ ನಿರ್ಧರಿಸಬಹುದು. ಮೇಲಿನ ಜಾಲರಿಯ ಲೆಕ್ಕ ಇಲ್ಲಿಗೂ ಹೊಂದುತ್ತದೆ. ವೋಲ್ಟೇಜ್ ಇದ್ದ ಜಾಗಕ್ಕೆ ಬೆಳಕಿನ ತೀವ್ರತೆ, ವಾಹಕತೆ ಇದ್ದ ಜಾಗಕ್ಕೆ ಬೆಳಕಿಗೆ ಸ್ಪಂದಿಸುವ ಪ್ರಮಾಣ. ಒಂಬತ್ತು ಪಿಕ್ಸೆಲ್‌ಗಳ ಮೊದಲ ಉಪಪಿಕ್ಸೆಲ್‌ಗಳೆಲ್ಲ ಒಂದು ತಂತಿಗೆ, ಎರಡನೆಯವು ಇನ್ನೊಂದಕ್ಕೆ, ಮೂರನೆಯವು ಮತ್ತೊಂದಕ್ಕೆ. ಚಿತ್ರದ ಬೆಳಕು ಬಿದ್ದೊಡನೆ ಮೂರು ತಂತಿಗಳಲ್ಲಿ ಮೂರು ಮೊತ್ತ ಸಿದ್ಧ.

ಅವರು ತೋರಿಸಿದ್ದು ಎನ್, ವಿ, ಜಡ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಸರಳ ಆಕಾರಗಳನ್ನು. ತರಬೇತಿ ಮುಗಿದ ಮೇಲೆ ಅಕ್ಷರ ಕಂಡಾಗ ಅದಕ್ಕೆ ಮೀಸಲಾದ ತಂತಿಯಲ್ಲಿ ಕರೆಂಟು ಮೇಲೇಳುತ್ತಿತ್ತು. ವೇಗ ಸೆಕೆಂಡಿಗೆ ಎರಡು ಕೋಟಿ ಚಿತ್ರಗಳಷ್ಟು. ಮೊದಲು ಚಿತ್ರ ತೆಗೆದು ಆಮೇಲೆ ಗುರುತಿಸುವ ಎರಡು ಹಂತ ಇಲ್ಲವೇ ಇಲ್ಲ. ಬೆಳಕು ಕರೆಂಟಾಗುವುದೇ ಗುರುತಿಸುವಿಕೆ, ಆ ಕೆಲಸಕ್ಕೆ ಬೇಕಾದ ಶಕ್ತಿಯೂ ಬೆಳಕಿನಿಂದಲೇ.

ಕೊರತೆಯನ್ನೂ ಹೇಳಬೇಕು. ಕಲಿತದ್ದನ್ನು ಉಳಿಸಿಕೊಳ್ಳಲು ಅಲ್ಲಿ ಹೊರಗಿನಿಂದ ಗೇಟು ವೋಲ್ಟೇಜ್ ಕೊಡುತ್ತಲೇ ಇರಬೇಕಿತ್ತು. ತರಬೇತಿಯ ಲೆಕ್ಕ ಮಾಡಿದ್ದೂ ಪಕ್ಕದ ಕಂಪ್ಯೂಟರ್. ಮತ್ತು ಒಂಬತ್ತು ಪಿಕ್ಸೆಲ್‌ನಲ್ಲಿ ಮೂರು ಅಕ್ಷರ ಗುರುತಿಸುವುದಕ್ಕೂ ಜನಸಂದಣಿಯಲ್ಲಿ ಮುಖ ಗುರುತಿಸುವುದಕ್ಕೂ ಇರುವ ದೂರ ಎಲ್ಲರಿಗೂ ಗೊತ್ತು. ಆದರೂ ಸಂವೇದಕವೇ ನರಜಾಲ ಆಗಬಲ್ಲದು ಎಂದು ಮೇಜಿನ ಮೇಲಿಟ್ಟು ತೋರಿಸಿದ ಕೆಲಸ ಇದು.

ಬೆಳಕಿನ ಮಾತಾಯಿತು. ಸ್ಪರ್ಶದ ಕಡೆ 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೆನಾನ್ ಬಾವ್ ಮತ್ತು ಸೋಲ್‌ನ ತೇ-ವೂ ಲೀ ತಂಡಗಳು ಬಾಗುವ ಸಾವಯವ ವಸ್ತುಗಳಿಂದ ಕೃತಕ ಸ್ಪರ್ಶನರ ಮಾಡಿದವು. ಒತ್ತಡದ ಸಂವೇದಕ, ಒತ್ತಡವನ್ನು ಮಿಡಿತಗಳಾಗಿ ಮಾರ್ಪಡಿಸುವ ಸರ್ಕಿಟ್, ಆ ಮಿಡಿತಗಳನ್ನು ಕೂಡಿಸಿ ನೆನಪಿಡುವ ಟ್ರಾನ್ಸಿಸ್ಟರ್ ಹೀಗೆ ಮೂರು ಕೊಂಡಿ. ಬ್ರೈಲ್ ಅಕ್ಷರಗಳನ್ನು ಅದು ಬೇರ್ಪಡಿಸಿತು. ಜಿರಲೆಯ ಕಾಲಿಗೆ ಜೋಡಿಸಿದಾಗ ಒತ್ತಿದ್ದಕ್ಕೆ ತಕ್ಕಂತೆ ಕಾಲು ಅದುರಿತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ.ಯು. ಕುಲಕರ್ಣಿ ತಂಡ ಬೆಳ್ಳಿಯ ಸೂಕ್ಷ್ಮ ದ್ವೀಪಗಳ ಜಾಲದಲ್ಲಿ ಸಿನಾಪ್ಸ್‌ನ ನಡೆಯನ್ನು, ಪಾವ್ಲೋವ್‌ನ ನಾಯಿಯಂತೆ ಗಂಟೆಯನ್ನೂ ಊಟವನ್ನೂ ಜೋಡಿಸಿ ಕಲಿಯುವ ಗುಣವನ್ನು ತೋರಿಸಿದೆ. ಅದೇ ಕೇಂದ್ರದ ಬಿವಾಸ್ ಸಾಹಾ ತಂಡ ಸ್ಕ್ಯಾಂಡಿಯಂ ನೈಟ್ರೈಡ್‌ನಿಂದ ಬೆಳಕಿಗೆ ಸ್ಪಂದಿಸುವ ಸಿನಾಪ್ಸ್ ಮಾಡಿದೆ. ಈಗಿರುವ ಚಿಪ್ ಕಾರ್ಖಾನೆಗಳ ವಿಧಾನಕ್ಕೆ ಹೊಂದುವಂಥ ವಸ್ತು ಎಂಬುದು ಅದರ ಬಲ.

ತೊಡಕುಗಳು

ಮೊದಲನೆಯ ತೊಡಕು ವಸ್ತುವಿನಲ್ಲೇ ಇದೆ. ಒಳ್ಳೆಯ ಸಂವೇದಕ ಹಿಂದಿನದನ್ನು ಬೇಗ ಮರೆಯಬೇಕು, ಕಲಿತ ಪಾಠವಾದರೋ ವರ್ಷಗಟ್ಟಲೆ ಉಳಿಯಬೇಕು. ಎರಡನ್ನೂ ಒಂದೇ ಪದರದಿಂದ ಮಾಡಿಸಲು ಹೋದರೆ ಎರಡೂ ಅರೆಬರೆ ಆಗುವ ಅಪಾಯ. ಹಾಗಾಗಿ ಬೇಗ ಮರೆಯುವ ಸಾಧನವನ್ನು ಮುಂದೆ, ಗಟ್ಟಿಯಾಗಿ ಹಿಡಿಯುವ ಮೆಮ್ರಿಸ್ಟರನ್ನು ಅದರ ಬೆನ್ನಿಗೆ ಇಟ್ಟು ಒಂದರ ಮೇಲೊಂದು ಕಟ್ಟುವ ದಾರಿಯೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಕಣ್ಣು-ಮಿದುಳಿನ ಏರ್ಪಾಡೂ ಹಾಗೇ ಅಲ್ಲವೇ.

ಎರಡನೆಯದು ಬಣ್ಣ. ಮೇಲೆ ಹೇಳಿದ ಆಕ್ಸೈಡ್‌ಗಳ ಬಹುಪಾಲಿಗೆ ಅತಿನೇರಳೆ ಮಾತ್ರ ಚೆನ್ನಾಗಿ ಕಾಣುತ್ತದೆ. ನಮಗೆ ಕಾಣುವ ಹಸಿರು, ಕೆಂಪಿಗೆ ಅವು ಬಹುಮಟ್ಟಿಗೆ ಕುರುಡು. ಮೂರನೆಯದು ಅಳಿಸುವುದು. ಬೆಳಕು ಸಾಮಾನ್ಯವಾಗಿ ಗುರುತನ್ನು ಏರಿಸುತ್ತದೆ, ಇಳಿಸಲು ವೋಲ್ಟೇಜ್ ಬೇಕು. ಎರಡನ್ನೂ ಬೆಳಕಿನಿಂದಲೇ ಮಾಡುವ ವಸ್ತುಗಳಿಗೆ ಹುಡುಕಾಟ ನಡೆದಿದೆ.

ಇನ್ನು ಸೆಖೆ. ಎಲೆಕ್ಟ್ರಾನು ವಾಪಸು ಬರಲು ಶಾಖದ ತಳ್ಳುವಿಕೆ ಬೇಕು ಎಂದೆನಲ್ಲ, ಶಾಖ ಜಾಸ್ತಿಯಾದಷ್ಟೂ ಮರೆವು ಜಾಸ್ತಿ. ಪ್ರಯೋಗಾಲಯದ ಎ.ಸಿ. ಕೋಣೆಯಲ್ಲಿ ಅಳೆದ ನೆನಪಿನ ಅವಧಿ ಮೇ ತಿಂಗಳ ರಾಯಚೂರಿನಲ್ಲಿ ಕಂಬದ ಮೇಲೆ ಕೂತ ಪೆಟ್ಟಿಗೆಯೊಳಗೆ ಅಷ್ಟೇ ಇರುವುದಿಲ್ಲ. ಜೊತೆಗೆ ಒಂದೇ ತಟ್ಟೆಯಲ್ಲಿ ಮಾಡಿದ ಸಾವಿರ ಸಾಧನಗಳು ಸಾವಿರ ಥರ ನಡೆದುಕೊಳ್ಳುತ್ತವೆ. ಜಾಲರಿಯಲ್ಲಿ ಬೇಡದ ದಾರಿಯಲ್ಲಿ ಕರೆಂಟು ನುಸುಳುತ್ತದೆ. ಕೊನೆಯಲ್ಲಿ ಕರೆಂಟನ್ನು ಅಂಕಿಯಾಗಿಸುವ ಪರಿವರ್ತಕ ಬೇಕೇ ಬೇಕು. ಉಳಿಸಿದ ಶಕ್ತಿಯ ದೊಡ್ಡ ಪಾಲನ್ನು ಅದೇ ನುಂಗಿಬಿಡಬಹುದು.

ಸುದ್ದಿಯಲ್ಲಿ ಬರುವ ಶೇಕಡಾವಾರುಗಳ ಬಗ್ಗೆಯೂ ಒಂದು ಮಾತು. ಅನೇಕ ಪ್ರಬಂಧಗಳಲ್ಲಿ ನಿಜವಾಗಿ ಅಳೆದಿರುವುದು ಒಂದೋ ಎರಡೋ ಸಾಧನವನ್ನು. ಆ ಅಳತೆಯನ್ನು ಸಾಫ್ಟ್‌ವೇರ್‌ಗೆ ಉಣಿಸಿ, ಇಂಥ ಲಕ್ಷ ಸಾಧನಗಳಿದ್ದರೆ ಕೈಬರಹದ ಅಂಕಿಗಳನ್ನು ಶೇಕಡಾ ತೊಂಬತ್ತಕ್ಕೂ ಹೆಚ್ಚು ಸರಿಯಾಗಿ ಗುರುತಿಸುತ್ತಿತ್ತು ಎಂದು ಬರೆಯುತ್ತಾರೆ. ಪರೀಕ್ಷೆಗೆ ಬಳಸುವುದು ಸಾಮಾನ್ಯವಾಗಿ ಎಂನಿಸ್ಟ್ ಎಂಬ 70,000 ಚಿತ್ರಗಳ ಹಳೆಯ ಕಟ್ಟು. ಒಂದೊಂದು ಚಿತ್ರ 28 x 28 ಪಿಕ್ಸೆಲ್‌ನದು. ಇಂದಿನ ಮಟ್ಟಿಗೆ ಅದು ಬಹಳ ಸುಲಭದ ಪರೀಕ್ಷೆ. ಸುಳ್ಳು ಯಾರೂ ಹೇಳುತ್ತಿಲ್ಲ. ಆದರೆ ‘ಮಿದುಳಿನಂತೆ ಯೋಚಿಸುವ ಚಿಪ್ ಬಂತು’ ಎಂಬ ತಲೆಬರಹಕ್ಕೂ ಆ ಪ್ರಬಂಧಕ್ಕೂ ನಡುವೆ ಬಹಳ ಅಂತರವಿರುತ್ತದೆ.

ಎಲ್ಲಿ ಮೊದಲು ಬರಬಹುದು

ಫೋನಿನ ಕ್ಯಾಮೆರಾವನ್ನು ಇವು ಓಡಿಸಿಬಿಡುತ್ತವೆ ಎಂದು ನನಗನಿಸುವುದಿಲ್ಲ. ಮದುವೆಯ ಫೋಟೋಗೆ ಎಲ್ಲ ಪಿಕ್ಸೆಲ್ಲೂ ಬೇಕು, ಯಾವುದೂ ಮಾಸಬಾರದು. ಇವುಗಳಿಗೆ ಜಾಗವಿರುವುದು ಚಿತ್ರವೇ ಬೇಡದ ಕಡೆ, ಉತ್ತರ ಮಾತ್ರ ಸಾಕಿರುವ ಕಡೆ: ಮೋಟಾರಿನ ಅದುರು ಎಂದಿನಂತಿದೆಯೇ, ಕೋಣೆಯಲ್ಲಿ ಯಾರಾದರೂ ಬಿದ್ದರೇ, ಕಾಡಂಚಿನ ಬೇಲಿಯ ಬಳಿ ಏನಾದರೂ ಚಲಿಸಿತೇ. ಒಂದು ಪುಟ್ಟ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಕಾಯಬೇಕಾದ ಕೆಲಸಗಳಿವು. ಇನ್ನೊಂದು ಅನುಕೂಲದ ಬಗ್ಗೆ ಯಾಕೋ ಹೆಚ್ಚು ಜನ ಮಾತಾಡುತ್ತಿಲ್ಲ. ಸಂವೇದಕದಿಂದ ಹೊರಗೆ ಹೋಗುವುದು ‘ಮನುಷ್ಯ ಇದ್ದಾನೆ’ ಅಥವಾ ‘ಇಲ್ಲ’ ಎಂಬಷ್ಟೇ ಆದರೆ, ಕದಿಯಲು ಅಲ್ಲಿ ಯಾರ ಚಿತ್ರವೂ ಇರುವುದಿಲ್ಲ. ಆಸ್ಪತ್ರೆಯ ವಾರ್ಡು, ವೃದ್ಧರ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಮುಂದಿನ ಸಲ ಇಂಥ ಸುದ್ದಿ ಕಣ್ಣಿಗೆ ಬಿದ್ದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಿಜವಾಗಿ ಎಷ್ಟು ಸಾಧನಗಳನ್ನು ಒಟ್ಟಿಗೆ ಜೋಡಿಸಿ ಅಳೆದಿದ್ದಾರೆ? ಯಾವ ಬೆಳಕಿಗೆ ಅದು ಸ್ಪಂದಿಸುತ್ತದೆ? ನೆನಪು ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಉಷ್ಣತೆಯಲ್ಲಿ? ಶಕ್ತಿಯ ಲೆಕ್ಕದಲ್ಲಿ ಅಂಕಿ ಪರಿವರ್ತಕವನ್ನೂ ಸೇರಿಸಿದ್ದಾರೆಯೇ? ಸುದ್ದಿಯಲ್ಲಿ ಇವಕ್ಕೆ ಉತ್ತರ ಸಿಗದಿದ್ದರೆ ಮೂಲ ಪ್ರಬಂಧದ ಚಿತ್ರಗಳ ಕೆಳಗಿನ ಸಣ್ಣಕ್ಷರಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಸದ್ಯಕ್ಕೆ ದುಡ್ಡು ಕೊಟ್ಟು ಕೊಳ್ಳಬಹುದಾದದ್ದು ಈವೆಂಟ್ ಕ್ಯಾಮೆರಾ. ಬೆಳಕು ಹಿಡಿಯುತ್ತಲೇ ಕಲಿಯುವ ಆಕ್ಸೈಡ್ ಪದರಗಳು ಇನ್ನೂ ಪ್ರಯೋಗಾಲಯದಲ್ಲಿವೆ.